ಬೈತಖೋಲದ ಗಾಳಿ ದಪ್ಪ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನುಗಾರರಿಗೆ ಅದು ರಜೆ, ಬೈತಖೋಲದ ಮೆಕ್ಯಾನಿಕ್‌ಗಳಿಗೆ ಮಾತ್ರ ಅದೇ ಸೀಸನ್. ವರ್ಷವಿಡೀ ಉಪ್ಪುನೀರಲ್ಲಿ ದುಡಿದ ಲೇಲ್ಯಾಂಡ್ ಎಂಜಿನ್‌ಗಳನ್ನೆಲ್ಲ ಬಿಚ್ಚಿ ಹರಡಿಕೊಳ್ಳೋ ಕಾಲ. ನನ್ನ ಮಾಮ ಈ ಕೆಲಸಕ್ಕೆ ಬಿದ್ದು ಮೂವತ್ತು ವರ್ಷದ ಮೇಲಾಯ್ತು. ನಾನು ಮಳೆಗಾಲದಲ್ಲಿ ಊರಿಂದಲೇ ಕೆಲಸ ಮಾಡ್ತೀನಿ. ಸಂಜೆ ಕಾಲ್ ಮುಗಿದ ಮೇಲೆ ಅವರ ಶೆಡ್ಡಿಗೆ ಹೋಗಿ ಕೂರೋದು ರೂಢಿ.

ಈ ಸಲ ಆ ಶೆಡ್ಡಿನ ಮೂಲೆಯಲ್ಲಿ ಒಂದು ಚಿಕ್ಕ ಎಂಜಿನ್ ಕೂಡ ಬಿಚ್ಚಿಕೊಂಡು ಕೂತಿತ್ತು. ಮಾಮನ ಹಳೇ ಯಮಹಾ ಆರ್‌ಎಕ್ಸ್ 100. ಅದನ್ನ ಡ್ರ್ಯಾಗ್ ರೇಸಿಗೆ ಕಟ್ಟಬೇಕು ಅಂತ ಭಾವ, ಅಂದ್ರೆ ಮಾಮನ ಮಗ, ಎರಡು ವರ್ಷದಿಂದ ಹಟ ಹಿಡಿದಿದ್ದ. ನಮ್ಮ ದೇಶದ ಡ್ರ್ಯಾಗ್ ರೇಸುಗಳಲ್ಲಿ ಟೂ ಸ್ಟ್ರೋಕ್ ಗಾಡಿಗಳಿಗೆ ಈಗಲೂ ಬೇರೆ ವರ್ಗಗಳಿರ್ತವೆ. ಅಲ್ಲಿ ಬರೋ ಗಾಡಿಗಳಲ್ಲಿ ಆರ್‌ಎಕ್ಸ್ ಮನೆತನದ್ದೇ ಸದ್ದು. ಪುಸ್ತಕದ ಪ್ರಕಾರ ವಿಂಟೇಜ್ ಅಂದ್ರೆ 1919ರಿಂದ 1930ರ ನಡುವಿನ ವಾಹನ. ಆದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ, ಎಸ್ಕಾರ್ಟ್ಸ್ ಆರ್‌ಎಕ್ಸ್ 100 ಮಾಡೋದು ನಿಲ್ಲಿಸಿದ್ದೂ 1996ರಲ್ಲಿ. ನಾನಿನ್ನೂ ಪುಟ್ಟ ಮಗು ಆಗ. ನನ್ನ ವಯಸ್ಸಿನವರಿಗೆ ಎರಡೂ ವಿಂಟೇಜೇ ಬಿಡಿ.

ಜಗಳ ಇದ್ದದ್ದು ಬ್ಲಾಕ್ ಬಗ್ಗೆ. ಪಿಸ್ಟನ್ ಓಡಾಡೋ ಸಿಲಿಂಡರಿಗೆ ಮೆಕ್ಯಾನಿಕ್‌ಗಳು ಹೇಳೋದು ಬ್ಲಾಕ್ ಅಂತ. ಮಾಮನ ಗಾಡಿದು ಶುರುವಿನ ವರ್ಷಗಳ ‘ಮೇಡ್ ಇನ್ ಜಪಾನ್’ ಬ್ಲಾಕ್. ಇವತ್ತು ಅಂಥದ್ದು ಸಿಗಲ್ಲ, ಸಿಕ್ಕರೂ ಕೇಳೋ ಬೆಲೆಗೆ ಒಳ್ಳೇ ಫೋನ್ ಬರುತ್ತೆ. ಮೂಲ ಬೋರ್ 50 ಮಿಲಿಮೀಟರ್. ಸವೆದಾಗೆಲ್ಲ ಕಾಲು ಮಿಲಿಮೀಟರ್ ಕೆರೆದು ದೊಡ್ಡ ಪಿಸ್ಟನ್ ಹಾಕ್ತಾರೆ: 0.25, 0.50, 0.75, ಕೊನೆಗೆ 1. ಮಾಮನ ಬ್ಲಾಕ್ ಮೂರು ಸಲ ಬೋರ್ ಆಗಿದೆ, ಉಳಿದಿರೋದು ಒಂದು. ಅದೂ ಮುಗಿದರೆ ಸ್ಲೀವ್ ಹಾಕಿಸಬೇಕು, ಅಲ್ಲಿಗೆ ಜಪಾನೂ ಇಲ್ಲ ಗಿಪಾನೂ ಇಲ್ಲ.

ರೇಸಿಗೆ ಕಟ್ಟೋದು ಅಂದ್ರೆ ಬರೀ ಬೋರ್ ಅಲ್ಲ, ಪೋರ್ಟಿಂಗ್. ಟೂ ಸ್ಟ್ರೋಕ್‌ನಲ್ಲಿ ವಾಲ್ವ್ ಬದಲು ಬ್ಲಾಕಿನ ಗೋಡೆಯಲ್ಲಿ ಕಿಟಕಿಗಳಿರ್ತವೆ, ಪಿಸ್ಟನ್ನೇ ಅವನ್ನ ಮುಚ್ಚಿ ತೆಗೆಯುತ್ತೆ. ಎಕ್ಸಾಸ್ಟ್ ಕಿಟಕಿಯ ಮೇಲಿನ ಅಂಚನ್ನ ಒಂದೆರಡು ಮಿಲಿಮೀಟರ್ ಎತ್ತರಿಸಿದರೆ ಅದು ಬೇಗ ತೆರೆದುಕೊಳ್ಳುತ್ತೆ, ಎಂಜಿನ್ ಜಾಸ್ತಿ ಸುತ್ತಿಗೆ ಹೋಗಿ ಶಕ್ತಿ ಕೊಡುತ್ತೆ, ಕೆಳಗಿನ ಸುತ್ತುಗಳಲ್ಲಿ ಸೊರಗುತ್ತೆ. ಕೆರೆದ ಲೋಹ ವಾಪಸ್ ಬರಲ್ಲ. ನಮ್ಮ ಕೆಲಸದಲ್ಲಿ ಹಾಳಾದ ಕೋಡನ್ನ ಹಿಂದಿನ ಸ್ಥಿತಿಗೆ ಒಯ್ಯೋಕೆ ಒಂದು ಕಮಾಂಡ್ ಸಾಕು, ಇಲ್ಲಿ ಅರಕ್ಕೆ ಅಂಥ ಕಮಾಂಡ್ ಇಲ್ಲ.

“ಒಳ್ಳೇ ಲೋಹ ಇಟ್ಕೊಂಡು ಪೂಜೆ ಮಾಡ್ತೀರಾ?” ಅಂತ ಭಾವ. “ಅದನ್ನ ಮುಟ್ಟಿದ್ರೆ ಶೆಡ್ಡಿಗೆ ಬರಬೇಡ ಮಾರಾಯ” ಅಂತ ಮಾಮ. ಕೊನೆಗೆ ಒಪ್ಪಂದ ಆಗಿದ್ದು ಹೀಗೆ: ಜಪಾನ್ ಬ್ಲಾಕನ್ನ ಹೇಗಿದೆಯೋ ಹಾಗೇ ಡೈನೋ ಮೇಲೆ ಒಮ್ಮೆ ಅಳೆಯೋದು, ಆಮೇಲೆ ಪೇಟೆಯಲ್ಲಿ ಸಿಗೋ ಹೊಸ ಬ್ಲಾಕಿಗೆ ಪೋರ್ಟಿಂಗ್ ಮಾಡಿ ಅದನ್ನೂ ಅಳೆಯೋದು. ಲೆಕ್ಕ ಹೇಳೋ ಕೆಲಸ ನಂದು.

ಡೈನೋ ಅಂದ್ರೆ ಎಂಜಿನ್ನಿನ ತಕ್ಕಡಿ. ಎಂಜಿನ್ನಿಗೆ ಭಾರ ಕೊಟ್ಟು ಅದು ಎಷ್ಟು ತಿರುಚುಬಲ ತೋರಿಸುತ್ತೆ ಅಂತ ನೋಡೋದು. ಫ್ರಾನ್ಸಿನ ಪ್ರೋನಿ 1821ರಲ್ಲಿ ಮರದ ಹಿಡಿಕೆಯ ಬ್ರೇಕಲ್ಲಿ ಇದನ್ನ ಮಾಡಿದ. 1877ರಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಹಡಗಿನ ಎಂಜಿನ್ ಅಳೆಯೋಕೆ ನೀರನ್ನೇ ಬ್ರೇಕ್ ಮಾಡಿಕೊಂಡ. ಇದನ್ನ ಓದಿದಾಗ ನಂಗೆ ನಗು ಬಂತು. ಯಾಕಂದ್ರೆ ಎಂಜಿನ್ ಜೋಡಿಸಿದ ಮೇಲೆ ಮಾಮ ಮಾಡೋದೂ ಅದೇ. ದೋಣೀನ ಜೆಟ್ಟಿಗೆ ದಪ್ಪ ಹಗ್ಗದಲ್ಲಿ ಕಟ್ಟಿ ಪೂರ್ತಿ ರೇಸ್ ಕೊಡ್ತಾರೆ. ದೋಣಿ ಮುಂದೆ ಹೋಗಲ್ಲ, ಫ್ಯಾನು ನೀರನ್ನ ಕಡೀತಾ ಇರುತ್ತೆ. ಸುತ್ತು ಎರಡು ಪಟ್ಟಾದರೆ ನೀರು ಕೇಳೋ ಶಕ್ತಿ ಸುಮಾರು ಎಂಟು ಪಟ್ಟು. ಹಾಗಾಗಿ ಎಂಜಿನ್ ಎಲ್ಲಿ ಸೋಲುತ್ತೆ ಅನ್ನೋದು ಮುಚ್ಚಿಡೋಕಾಗಲ್ಲ. ಹೊಗೆ ಕಪ್ಪಾದರೆ ಡೀಸೆಲ್ ಜಾಸ್ತಿ, ನೀಲಿಯಾದರೆ ಆಯಿಲ್ ಸುಡ್ತಿದೆ. ಇಡೀ ಅರಬ್ಬೀ ಸಮುದ್ರ ಅವರಿಗೆ ಡೈನೋ, ಬಾಡಿಗೆ ಇಲ್ಲ.

ಬೈಕಿಗೆ ಮಾತ್ರ ಬೆಂಗಳೂರಿಗೇ ಹೋಗಬೇಕಾಯ್ತು. ಮೀನು ಸಾಗಿಸೋ ಪಿಕಪ್ ಖಾಲಿ ಇತ್ತು, ಅದರಲ್ಲೇ ಗಾಡಿ ಹಾಕಿದ್ವಿ. ಡೈನೋ ಹುಡುಗರು ಮೂಗು ಮುಚ್ಚಿಕೊಂಡೇ ಇಳಿಸಿಕೊಂಡ್ರು. ಅಲ್ಲಿರೋದು ರೋಲರ್ ಡೈನೋ: ಹಿಂದಿನ ಚಕ್ರ ಒಂದು ಭಾರದ ಉರುಳೆಯನ್ನ ತಿರುಗಿಸುತ್ತೆ, ಉರುಳೆ ಎಷ್ಟು ಬೇಗ ವೇಗ ಹಿಡೀತು ಅನ್ನೋದರಿಂದ ಕಂಪ್ಯೂಟರ್ ಶಕ್ತಿ ಲೆಕ್ಕ ಹಾಕುತ್ತೆ.

ಕಂಪನಿಯ ಲೆಕ್ಕದಲ್ಲಿ ಆರ್‌ಎಕ್ಸ್ 100ಕ್ಕೆ 7500 ಸುತ್ತಿನಲ್ಲಿ 11 ಕುದುರೆ. ಅದು ಎಂಜಿನ್ನಿನಲ್ಲಿ. ಗೇರು, ಚೈನು, ಟೈರು ತಮ್ಮ ಪಾಲು ತಿಂದ ಮೇಲೆ ಚಕ್ರದಲ್ಲಿ ನಮಗೆ ಸಿಕ್ಕಿದ್ದು 9ಕ್ಕಿಂತ ಚೂರು ಜಾಸ್ತಿ. ಮೂವತ್ತು ವರ್ಷ ಓಡಿದ ಗಾಡಿಗೆ ಇದು ಮರ್ಯಾದೆಯ ಅಂಕಿ. ಪೋರ್ಟಿಂಗ್ ಮಾಡಿದ ಹೊಸ ಬ್ಲಾಕು, ರೇಸಿನ ಸೈಲೆನ್ಸರ್ ಹಾಕಿದಾಗ 13 ಬಂತು. ಭಾವ ಕುಣಿದೇಬಿಟ್ಟ.

ನಾನು ಎರಡು ವಿಷಯ ಕೇಳಿದೆ, ಡೈನೋಗೆ ಹೋಗೋರು ನೀವೂ ಕೇಳಿ. ಒಂದು, ಗ್ರಾಫಿಗೆ ಎಷ್ಟು ಸ್ಮೂದಿಂಗ್ ಹಾಕಿದ್ದೀರಿ? ಕಡಿಮೆ ಮಾಡಿಸಿದಾಗ 6000 ಸುತ್ತಿನ ಹತ್ತಿರ ಒಂದು ಗುಂಡಿ ಕಾಣಿಸ್ತು. ರೇಸಲ್ಲಿ ಗೇರ್ ಬದಲಿಸಿದಾಗ ಎಂಜಿನ್ ಅದರೊಳಗೆ ಬಿದ್ದರೆ ಮುಗೀತು. ಎರಡು, ಯಾವ ಕರೆಕ್ಷನ್? ಹವೆಯ ಒತ್ತಡ, ಉಷ್ಣತೆ, ತೇವ ನೋಡಿ ಅಂಕಿಯನ್ನ ಒಂದು ಮಟ್ಟಕ್ಕೆ ತರೋ ಗುಣಕ ಅದು. ಹಳೇ ಮಾನದಂಡ ಆರಿಸಿಕೊಂಡರೆ ಈಗಿನದಕ್ಕಿಂತ ಶೇಕಡಾ 4ರಷ್ಟು ಜಾಸ್ತಿ ತೋರಿಸುತ್ತೆ, ಗಿರಾಕಿಗೂ ಖುಷಿ. ನಮ್ಮದು ಹೊಸ ಮಾನದಂಡಕ್ಕೆ ಹಾಕಿದಾಗ ಹನ್ನೆರಡೂವರೆ ಆಯ್ತು.

ಇಷ್ಟು ಪುಟ್ಟ ಎಂಜಿನ್ನಿಂದ ಇಷ್ಟು ಹಿಂಡೋ ವಿದ್ಯೆಗೆ ಒಂದು ಕಥೆಯಿದೆ. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಅನ್ನೋ ಎಂಜಿನಿಯರ್, ಸೈಲೆನ್ಸರಿನೊಳಗಿನ ಶಬ್ದದ ಅಲೆಯನ್ನೇ ಬಳಸಿ ತಪ್ಪಿಸಿಕೊಳ್ಳೋ ಪೆಟ್ರೋಲನ್ನ ವಾಪಸ್ ಸಿಲಿಂಡರಿಗೆ ತುರುಕೋದನ್ನ ಪಳಗಿಸಿದ. 1961ರಲ್ಲಿ ಅವನ 125 ಸಿಸಿ ಎಂಜಿನ್ 25 ಕುದುರೆ ಕೊಡ್ತಿತ್ತು, ಅಂದ್ರೆ ಲೀಟರಿಗೆ 200. ಅದೇ ವರ್ಷ ಅವನ ಸವಾರ ಎರ್ನ್‌ಸ್ಟ್ ಡೆಗ್ನರ್ ಸ್ವೀಡನ್ ರೇಸಿನಿಂದ ತಪ್ಪಿಸಿಕೊಂಡು ಗುಟ್ಟಿನ ಸಮೇತ ಸುಜುಕಿ ಸೇರಿದ. 1962ರಲ್ಲಿ ಸುಜುಕಿಗೆ 50 ಸಿಸಿ ವಿಶ್ವ ಪಟ್ಟ ಗೆದ್ದುಕೊಟ್ಟ. ನಮ್ಮ ಮೈಸೂರಲ್ಲಿ ಜಾವಾ ತಯಾರಾಗೋಕೆ ಶುರುವಾದದ್ದೂ 1961ರಲ್ಲೇ. ಇವತ್ತು ಶೆಡ್ಡಲ್ಲಿ ಹೊಟ್ಟೆ ಉಬ್ಬಿದ ಸೈಲೆನ್ಸರ್ ವೆಲ್ಡ್ ಮಾಡೋ ಯಾವ ಹುಡುಗನಿಗೂ ಕಾಡೆನ್ ಹೆಸರು ಗೊತ್ತಿಲ್ಲ, ಆಕಾರ ಮಾತ್ರ ಅವನದ್ದೇ.

ಬೆಂಗಳೂರಿಂದ ಮಾಮನಿಗೆ ವಾಟ್ಸಾಪಲ್ಲಿ ಗ್ರಾಫ್ ಕಳಿಸಿದ್ವಿ. ಉತ್ತರ ಬಂದಿದ್ದು ಒಂದೇ ಸಾಲು: “ಇದೇ ಜೆಟ್ಟಲ್ಲಿ ಇಲ್ಲಿ ಓಡಿಸಬೇಡಿ, ಇಲ್ಲಿ ಗಾಳಿ ದಪ್ಪ.”

ಅದು ನೂರಕ್ಕೆ ನೂರು ಸರಿ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿನ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇಕಡಾ 10ರಷ್ಟು ತೆಳು. ಮಳೆಗಾಲದ ತೇವ ಇಲ್ಲಿ ಶೇಕಡಾ 3ರಷ್ಟು ಜಾಗ ತಿಂದರೂ ಕಾರವಾರದ ಗಾಳಿಯೇ ದಟ್ಟ. ಅಲ್ಲಿಗೆ ಸರಿಹೊಂದಿಸಿದ ಕಾರ್ಬೊರೇಟರ್ ಜೆಟ್ ಇಲ್ಲಿ ಬೇಕಾದಷ್ಟು ಪೆಟ್ರೋಲ್ ಕೊಡಲ್ಲ. ಪೆಟ್ರೋಲ್ ಕಮ್ಮಿ ಆದರೆ ಬಿಸಿ ಜಾಸ್ತಿ, ಟೂ ಸ್ಟ್ರೋಕ್‌ನಲ್ಲಿ ಆಯಿಲೂ ಪೆಟ್ರೋಲ್ ಜೊತೆಗೇ ಹೋಗೋದ್ರಿಂದ ಅದಕ್ಕೂ ಬರ. ಪಿಸ್ಟನ್ ಸೀಜ್. ಚಕ್ರ ಲಾಕ್ ಆಗಿ ಸವಾರ ಬಿದ್ದರೆ ಆಮೇಲೆ ಬ್ಲಾಕ್ ಬಗ್ಗೆ ಯಾರೂ ಮಾತಾಡಲ್ಲ. ಭಾವ ಹೆಸರು ಕೊಟ್ಟಿರೋ ರೇಸ್ ಇರೋದು ಚೆನ್ನೈಯಲ್ಲಿ, ಅದೂ ಸಮುದ್ರಮಟ್ಟ.

ಊರಿಗೆ ಬಂದು ಎರಡು ನಂಬರ್ ದೊಡ್ಡ ಜೆಟ್ ಹಾಕಿದ್ವಿ. ಪರಿಚಯದವರ ತೋಟದ ನೇರ ರಸ್ತೆಯಲ್ಲಿ ಪೂರ್ತಿ ಎಕ್ಸಲರೇಟರ್ ಕೊಟ್ಟು, ಕ್ಲಚ್ ಹಿಡಿದು, ಎಂಜಿನ್ ಅಲ್ಲೇ ಆಫ್ ಮಾಡಿ ಪ್ಲಗ್ ಬಿಚ್ಚೋದು. ಮಾಮ ಕನ್ನಡಕ ಏರಿಸಿ ನೋಡಿದ್ರು. “ಇನ್ನೂ ಬಿಳಿ. ಒಂದು ನಂಬರ್ ಏರಿಸು.” ಮೂರನೇ ಸಲ ಪ್ಲಗ್ ತಿಳಿ ಚಾಕೊಲೇಟ್ ಬಣ್ಣಕ್ಕೆ ಬಂತು. ಹತ್ತಿರದ ಐದು ಜೆಟ್‌ಗಳನ್ನ ಮಾತ್ರೆ ಡಬ್ಬಿಯಲ್ಲಿ ಹಾಕಿ, ಚೆನ್ನೈಗೆ ಒಯ್ಯೋಕೆ ನಂಬರ್ ಬರೆದು ಇಟ್ಟಾಯ್ತು.

ಆ ರಾತ್ರಿ ಊಟ ಆದ ಮೇಲೆ ಮಾಮ ಕಪಾಟಿಂದ ಜಪಾನ್ ಬ್ಲಾಕ್ ತೆಗೆದ್ರು. ಆಯಿಲ್ ಬಟ್ಟೆ ಬಿಚ್ಚಿ, ಬೋರ್ ಗೇಜ್ ಇಳಿಸಿ, ಮೇಲೆ ಕೆಳಗೆ ಅಡ್ಡ ಉದ್ದ ಅಳೆದು ನೋಡಿದ್ರು. ಭಾವ ಉಸಿರು ಬಿಗಿಹಿಡಿದು ನಿಂತಿದ್ದ. “ಇನ್ನೂ ರೌಂಡ್ ಇದೆ” ಅಂತ ಹೇಳಿ ಮತ್ತೆ ಸುತ್ತಿಟ್ರು. “ಹೊಸದು ಚೆನ್ನೈಯಿಂದ ಒಡೆಯದೆ ವಾಪಸ್ ಬರಲಿ. ಇದರದ್ದು ಆಮೇಲೆ ನೋಡುವಾ.”