ಅರ್ಧಬಲದ ನಿಯಮ

ನಮ್ಮ ಸೀಮೆಯಲ್ಲಿ ಆಟಗಳಿಗೂ ಋತುಧರ್ಮವೊಂದುಂಟು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಬಯಲುಗಳಲ್ಲಿ ಕಬಡ್ಡಿ, ವಾಲಿಬಾಲ್ ಪಂದ್ಯಗಳು ಕಳೆಗಟ್ಟುವುದು ಮಳೆ ಹಿಂದೆಗೆದು ನೆಲವೊಣಗಿದ ಮೇಲೆಯೇ. ತುಂಗೆ ಭದ್ರೆಯರು ತುಂಬಿ ಹರಿಯುವ ತಿಂಗಳುಗಳಲ್ಲಿ ಬಯಲು ಕೆಸರಾಗಿ, ಅಂಗಳ ಪಾಚಿಗಟ್ಟಿ, ಆಟಗಾರರಿಗೆ ಅನಧ್ಯಯನವು ಪ್ರಾಪ್ತವಾಗುತ್ತದೆ. ಗಾಯಗೊಂಡ ತರುಣನಿಗೆ ಈ ಬಿಡುವು ವರವೂ ಆಗಬಹುದು, ಶಾಪವೂ ಆಗಬಹುದು. ಯಾವುದಾಗಬೇಕೆಂಬುದು ಬಹುಮಟ್ಟಿಗೆ ಮನೆಯವರ ವಿವೇಕವನ್ನು ಅವಲಂಬಿಸಿರುವುದರಿಂದ, ಈ ತಿಂಗಳು ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ನಾವು ಬಲ್ಲ ತರುಣನೊಬ್ಬನು ಬೇಸಗೆಯ ಕೊನೆಯ ಕಬಡ್ಡಿ ಪಂದ್ಯದಲ್ಲಿ ಪಾದದ ಕೀಲನ್ನು ಉಳುಕಿಸಿಕೊಂಡನು. ಕೆಲವು ವಾರಗಳಲ್ಲಿ ಊತವಿಳಿಯಿತು, ನೋವೂ ಅಡಗಿತು. “ಇನ್ನೇನು, ದೀಪಾವಳಿಯ ಪಂದ್ಯಕ್ಕೆ ಸಿದ್ಧನಾಗೋ” ಎಂದರು ಗೆಳೆಯರು. “ಮಳೆ ಮುಗಿಯೋವರೆಗೆ ಜಗಲಿ ಇಳೀಬೇಡ ಮಗಾ” ಎಂದರು ಅಜ್ಜಿ. ಅವನು ಗೆಳೆಯರ ಮಾತನ್ನೇ ಹಿಡಿದು, ತೋಟದ ದಾರಿಯಲ್ಲಿ ಓಡಹೋಗಿ, ಅದೇ ಕಾಲನ್ನು ಪುನಃ ಉಳುಕಿಸಿಕೊಂಡನು. ಈಗ ಆಟವನ್ನೇ ತೊರೆಯಬೇಕಾದೀತೆಂಬ ಭಯವು ಅವನನ್ನು ಆವರಿಸಿದೆ.

ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಮೂಳೆಗೆ ಮೂಳೆಯನ್ನು ಬಿಗಿದಿರುವ ಅಸ್ಥಿರಜ್ಜುಗಳು ಹಿಗ್ಗಿ ಹರಿದಾಗ ನೋವು ವಾರಗಳಲ್ಲಿ ಶಮನವಾದರೂ, ಆ ತಂತುಗಳು ಬಲಗೊಳ್ಳುವುದಕ್ಕೆ ತಿಂಗಳುಗಳೇ ಬೇಕು. ಪಾದವು ಯಾವ ಕಡೆಗೆ ವಾಲಿದೆಯೆಂದು ಮಿದುಳಿಗೆ ತಿಳಿಸತಕ್ಕ ಶಕ್ತಿಯೂ ಆಗ ಕುಂದಿರುತ್ತದೆ. ಆದುದರಿಂದಲೇ ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಂಭವ ಹೆಚ್ಚು. ನೋವಡಗುವುದು ಗುಣದ ಆರಂಭವೇ ಹೊರತು ಸಮಾಪ್ತಿಯಲ್ಲ. ಹಾಗೆಂದು ಅಜ್ಜಿಯ ಮಾತೂ ಪೂರ್ಣ ಸತ್ಯವಲ್ಲ; ಅಲುಗದೆ ಕುಳಿತ ಕಾಲಿನ ಮಾಂಸಖಂಡಗಳು ಸೊರಗುತ್ತವೆ, ಕೀಲು ಬಿಗಿಯುತ್ತದೆ.

ನಮ್ಮ ಪ್ರಾಚೀನರು ಈ ಎರಡು ಅತಿಗಳ ನಡುವಿನ ಹಾದಿಯನ್ನು ಬಲ್ಲವರಾಗಿದ್ದರು. ಬಲಿಷ್ಠರು ಸಹ ಚಳಿಗಾಲ ಮತ್ತು ವಸಂತಗಳಲ್ಲಿ ತಮ್ಮ ಬಲದ ಅರ್ಧದಷ್ಟು ವ್ಯಾಯಾಮವನ್ನೂ, ಇತರ ಋತುಗಳಲ್ಲಿ ಅದಕ್ಕಿಂತ ಮಂದವಾದುದನ್ನೂ ಮಾಡತಕ್ಕದ್ದೆಂದು ವಾಗ್ಭಟರು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾರೆ. ಉಸಿರು ಬಾಯಿಂದ ಹೊರಡತೊಡಗಿದರೆ ಅದೇ ಅರ್ಧಬಲದ ಲಕ್ಷಣವೆಂದು ಸುಶ್ರುತಸಂಹಿತೆಯು ಹೇಳುತ್ತದೆ. ಇಂದಿನ ಆಟಗಾರರು ಅಷ್ಟಕ್ಕೇ ನಿಲ್ಲುವುದಿಲ್ಲವೆಂಬುದೇನೋ ನಿಜ. ಆದರೆ ಬಲಕ್ಕೂ ಋತುವಿಗೂ ತಕ್ಕ ಅಳತೆಯಿರಬೇಕೆಂಬ ತತ್ತ್ವವು ಹಳತಾಗಿಲ್ಲ.

ದೊಡ್ಡ ಆಟಗಾರರು ಹೀಗೆ ಕಾಯುತ್ತಾರೆಯೇ ಎಂದು ತರುಣರು ಕೇಳಿಯಾರು. ನಮ್ಮ ನಾಡಿನ ಕೆ. ಎಲ್. ರಾಹುಲರ ಉದಾಹರಣೆಯನ್ನೇ ನೋಡಬಹುದು. 2023ರ ಮೇ 1ರಂದು ಲಕ್ನೋದಲ್ಲಿ ಚೆಂಡನ್ನು ಬೆನ್ನಟ್ಟಿ ಓಡುವಾಗ ಅವರ ತೊಡೆಗೆ ಪೆಟ್ಟಾಯಿತು. ಶಸ್ತ್ರಚಿಕಿತ್ಸೆಯಾಯಿತು, ಜೂನ್ ತಿಂಗಳ ವಿಶ್ವ ಟೆಸ್ಟ್ ಅಂತಿಮ ಪಂದ್ಯವು ಕೈತಪ್ಪಿತು. ಅನಂತರ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಅವರು ಕ್ರಮಕ್ರಮವಾಗಿ ಚೇತರಿಸಿಕೊಂಡರು. ಏಷ್ಯಾ ಕಪ್ ತಂಡಕ್ಕೆ ಆಯ್ಕೆಯಾದ ಬಳಿಕವೂ ಬೇರೊಂದು ಸಣ್ಣ ನೋವಿನ ಕಾರಣ ಮೊದಲ ಎರಡು ಪಂದ್ಯಗಳಲ್ಲಿ ಅವರನ್ನು ಆಡಿಸಲಿಲ್ಲ. ಸೆಪ್ಟೆಂಬರ್ 10ರಂದು ಕೊಲಂಬೊದಲ್ಲಿ ಪಾಕಿಸ್ತಾನದೊಡನೆ ಆರಂಭವಾಗಿ, ಮಳೆಯ ದೆಸೆಯಿಂದ ಮರುದಿನಕ್ಕೂ ಮುಂದುವರಿದ ಪಂದ್ಯದಲ್ಲಿ ಅವರು ಔಟಾಗದೆ 111 ಓಟಗಳನ್ನು ಗಳಿಸಿದರು. ನಾಲ್ಕು ತಿಂಗಳ ತಾಳ್ಮೆಗೆ ದೊರೆತ ಫಲವದು.

ಅಕಾಡೆಮಿಯಿಲ್ಲದ ಮನೆಯಲ್ಲಿಯೂ ಕ್ರಮವನ್ನು ಪಾಲಿಸಬಹುದು. ಪೆಟ್ಟಾದೊಡನೆ ಕಾಲೂರಿ ನಾಲ್ಕು ಹೆಜ್ಜೆಯಿಡಲಾಗದಿದ್ದರೆ, ಎಣ್ಣೆ ತಿಕ್ಕುತ್ತ ದಿನ ಕಳೆಯದೆ ವೈದ್ಯರಲ್ಲಿಗೆ ಹೋಗಿ ಎಕ್ಸ್‌ರೇ ತೆಗೆಸತಕ್ಕದ್ದು. ಮೂಳೆ ಮುರಿದಿಲ್ಲವೆಂದು ತಿಳಿದ ಮೇಲೆ, ವೈದ್ಯರ ಸಲಹೆಯಂತೆ ಮೊದಲು ಪಾದವನ್ನು ಮೆಲ್ಲನೆ ಆಡಿಸುವುದು. ಬಳಿಕ ಜಗಲಿಯ ಕಂಬದ ಆಸರೆಯಲ್ಲಿ ಒಂಟಿಕಾಲಿನ ಮೇಲೆ ನಿಲ್ಲುವುದು, ಬೆರಳುಗಳ ಮೇಲೆ ಏಳುವುದು. ಆಮೇಲೆ ಸಮನೆಲದ ನಡಿಗೆ, ಅನಂತರ ಓಟ. ಪೆಟ್ಟಾದ ಕಾಲು ಇನ್ನೊಂದರಷ್ಟೇ ಭದ್ರವಾಗಿ ಕುಂಟಿ ನೆಗೆಯುವವರೆಗೆ ಕಬಡ್ಡಿಯ ಅಂಕಣವನ್ನು ತುಳಿಯಲಾಗದು. ಯಾವುದೇ ಮೆಟ್ಟಿಲಿನಲ್ಲಿ ಊತ ಮರಳಿದರೆ ಒಂದು ಮೆಟ್ಟಿಲು ಹಿಂದಕ್ಕಿಳಿಯುವುದೇ ಜಾಣತನ.

ಮನೆಯ ಹಿರಿಯರಲ್ಲಿ ನಮ್ಮದೊಂದು ವಿಜ್ಞಾಪನೆ. “ಯಾವಾಗ ಆಡ್ತೀಯ?” ಎಂದು ಮಗನನ್ನು ದಿನವೂ ಕೇಳಬೇಡಿ, “ಇವತ್ತು ಒಂಟಿಕಾಲಲ್ಲಿ ಎಷ್ಟು ಹೊತ್ತು ನಿಂತೆ?” ಎಂದು ಕೇಳಿರಿ. ಮೊದಲ ಪ್ರಶ್ನೆ ಅವನ ಆತುರವನ್ನು ಬೆಳೆಸುತ್ತದೆ, ಎರಡನೆಯದು ಅವನ ಕಾಲನ್ನು.