ನಿಯಮದೊಳಗಿನ ನಿರಾಳ

ಕಲಾಸೃಷ್ಟಿಗೆ ಸ್ವಾತಂತ್ರ್ಯವೇ ಜೀವಾಳವೆಂದೂ ನಿಯಮಗಳು ಕಲ್ಪನೆಯ ಕೈ ಕಟ್ಟಿಹಾಕುತ್ತವೆಂದೂ ತಿಳಿಯುವುದು ಇಂದು ವಾಡಿಕೆಯಾಗಿದೆ. ಆದರೆ ದಣಿದ ಮನಸ್ಸನ್ನು ಹಗುರಗೊಳಿಸಿಕೊಳ್ಳಲು ಕಾಗದ, ಪೆನ್ನು ಹಿಡಿಯುವವರಲ್ಲಿ ಅನೇಕರು ಮೊರೆಹೋಗುವುದು ಕಟ್ಟುನಿಟ್ಟಾದ ವಿನ್ಯಾಸಗಳಿಗೆ, ಅಂದರೆ ಚುಕ್ಕಿ, ಗೆರೆ, ಕಮಾನು, ಸುರುಳಿಗಳಂಥ ಕೆಲವೇ ಘಟಕಗಳನ್ನು ಗೊತ್ತಾದ ಕ್ರಮದಲ್ಲಿ ಮತ್ತೆ ಮತ್ತೆ ಬರೆಯುತ್ತ ಬೆಳೆಸುವ ರಚನೆಗಳಿಗೆ. ಬಿಡುಗಡೆಯನ್ನು ಬಯಸಿದ ಮನಸ್ಸು ಕಟ್ಟುಪಾಡನ್ನೇ ಏಕೆ ಆರಿಸಿಕೊಳ್ಳುತ್ತದೆ, ಅದರಿಂದ ದೊರೆಯುವ ನೆಮ್ಮದಿಯ ಸ್ವರೂಪವೇನು, ಮಿತಿಯೇನು ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಈ ಬಗೆಯ ರಚನೆಗಳಲ್ಲಿ ಇತ್ತೀಚೆಗೆ ಹೆಚ್ಚು ಪ್ರಚಾರ ಪಡೆದಿರುವುದು ಝೆಂಟ್ಯಾಂಗಲ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದವರಾದ, ಅಕ್ಷರ ಕಲಾವಿದೆ ಮರಿಯಾ ಥಾಮಸ್ ಹಾಗೂ ಹಿಂದೊಮ್ಮೆ ಸನ್ಯಾಸಿಯಾಗಿ ಬಾಳಿದ್ದ ರಿಕ್ ರಾಬರ್ಟ್ಸ್ ಈ ಶತಮಾನದ ಮೊದಲ ದಶಕದಲ್ಲಿ ಇದನ್ನು ರೂಪಿಸಿದರು. ಮೂರೂವರೆ ಇಂಚಿನ ಚೌಕಾಕಾರದ ದಪ್ಪ ಕಾಗದದ ನಾಲ್ಕು ಮೂಲೆಗಳಲ್ಲಿ ಪೆನ್ಸಿಲಿನಿಂದ ಚುಕ್ಕಿಯಿಟ್ಟು, ಅವನ್ನು ಸೇರಿಸಿ ಅಂಚು ಎಳೆದು, ಒಳಗೆ ಮನಬಂದಂತೆ ಬಳುಕುವ ಒಂದು ತೆಳುಗೆರೆಯನ್ನು ಹಾಯಿಸಿದರೆ ಚೌಕವು ಹಲವು ಖಾನೆಗಳಾಗಿ ಒಡೆಯುತ್ತದೆ. ಒಂದೊಂದು ಖಾನೆಯನ್ನೂ ಒಂದೊಂದು ವಿನ್ಯಾಸದಿಂದ, ಅಳಿಸಲಾಗದ ಶಾಯಿಯಲ್ಲಿ ತುಂಬಿ, ಕೊನೆಗೆ ಪೆನ್ಸಿಲಿನಿಂದ ನೆರಳು ಕೊಡಲಾಗುತ್ತದೆ. ಇಲ್ಲಿ ರಬ್ಬರಿಗೆ ಸ್ಥಾನವಿಲ್ಲ. ತಪ್ಪಿದ ಗೆರೆಯನ್ನು ಮುಂದಿನ ಗೆರೆಗೆ ಆಧಾರವಾಗಿಸಿಕೊಂಡು ಮುಂದುವರಿಯಬೇಕು. ಚಿತ್ರಕ್ಕೆ ಮೇಲು, ಕೆಳಗೆಂಬುದೂ ಇಲ್ಲದಿರುವುದರಿಂದ ಅದು ಯಾವುದನ್ನು ಹೋಲುತ್ತದೆ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಕನ್ನಡ ನಾಡಿನವರಿಗೆ ಈ ತತ್ತ್ವ ಹೊಸದೇನಲ್ಲ. ಹದಿನೈದರಿಂದ ಎಂಟರವರೆಗಿನ ಸಂದು ಚುಕ್ಕಿಯ ರಂಗೋಲಿಯಲ್ಲಿ ನಡುಸಾಲಿನಲ್ಲಿ 15 ಚುಕ್ಕಿಗಳನ್ನಿಟ್ಟು, ಅದರ ಎರಡೂ ಬದಿಗಳಲ್ಲಿ ಹಿಂದಿನ ಸಾಲಿನ ಸಂದುಗಳಿಗೆ ಸರಿಯಾಗಿ ಒಂದೊಂದೇ ಚುಕ್ಕಿ ಕಡಿಮೆ ಮಾಡುತ್ತ 8ಕ್ಕೆ ನಿಲ್ಲಿಸಿದರೆ, ಒಟ್ಟು 169 ಚುಕ್ಕಿಗಳ ಷಟ್ಕೋನ ನೆಲದ ಮೇಲೆ ಸಿದ್ಧವಾಗುತ್ತದೆ. ಇಲ್ಲಿಯವರೆಗಿನ ಕೆಲಸದಲ್ಲಿ ಆಯ್ಕೆಗೆ ಎಡೆಯಿಲ್ಲ. ಆದರೆ ಅದೇ ಚುಕ್ಕಿಗಳಿಂದ ತಾವರೆಯನ್ನೂ ತೆಗೆಯಬಹುದು, ನಕ್ಷತ್ರವನ್ನೂ ತೆಗೆಯಬಹುದು. ತಮಿಳುನಾಡಿನ ಕೋಲಂಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್, ಅವುಗಳ ರಚನೆಯನ್ನು ಗಣಕ ವಿಜ್ಞಾನದ ಸರಣಿ ವ್ಯಾಕರಣಗಳ ಮೂಲಕ, ಅಂದರೆ ಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಿದ ಚಿಹ್ನೆಗಳನ್ನು ನಿಯಮಾನುಸಾರ ಬೆಳೆಸುವ ಪದ್ಧತಿಯ ಮೂಲಕ, ವಿವರಿಸಿದರು. ಕೆಲವೇ ನಿಯಮಗಳಿಂದ ಎಣೆಯಿಲ್ಲದಷ್ಟು ಆಕೃತಿಗಳು ಹುಟ್ಟಬಲ್ಲವೆಂಬುದು ಹೀಗೆ ಗಣಿತದ ನೆಲೆಯಲ್ಲೂ ಸ್ಪಷ್ಟವಾಯಿತು.

ನೆಮ್ಮದಿಯ ಮೂಲವನ್ನು ಇದೇ ಏರ್ಪಾಟಿನಲ್ಲಿ ಹುಡುಕಬೇಕು. ಖಾಲಿ ಹಾಳೆಯೆದುರು ಕುಳಿತವರು ಏನು ಬರೆಯಬೇಕು, ಎಲ್ಲಿಂದ ಆರಂಭಿಸಬೇಕು, ಬರೆದದ್ದು ಚೆನ್ನಾಗಿದೆಯೇ ಎಂಬ ದೊಡ್ಡ ನಿರ್ಣಯಗಳನ್ನು ಒಟ್ಟಿಗೇ ಹೊರಬೇಕಾಗುತ್ತದೆ. ವಿನ್ಯಾಸದ ನಿಯಮವು ಈ ಹೊರೆಯನ್ನು ಇಳಿಸಿ, ಮುಂದಿನ ಗೆರೆ ಎಷ್ಟು ಬಾಗಬೇಕು, ಎಷ್ಟು ಅಂತರದಲ್ಲಿರಬೇಕು ಎಂಬಂಥ ಸಣ್ಣ ನಿರ್ಣಯಗಳನ್ನಷ್ಟೇ ಉಳಿಸುತ್ತದೆ. ಆ ಸಣ್ಣ ನಿರ್ಣಯಗಳಾದರೂ ಕಣ್ಣು ಮತ್ತು ಕೈಗಳನ್ನು ಸದಾ ತೊಡಗಿಸಿಡುವುದರಿಂದ, ನಿನ್ನೆಯ ಕೊರಗು, ನಾಳೆಯ ಚಿಂತೆಗಳತ್ತ ಮನಸ್ಸು ಹರಿಯಲು ಸಿಗುವ ಬಿಡುವು ಕಡಿಮೆಯಾಗುತ್ತದೆ. ನಡೆಯುತ್ತಿರುವ ಕ್ರಿಯೆಯ ಮೇಲೆ, ಸರಿ ತಪ್ಪುಗಳ ತೀರ್ಪು ಕೊಡದೆ, ಗಮನ ನೆಲೆಗೊಳ್ಳುವ ಈ ಸ್ಥಿತಿಯನ್ನೇ ಸಾವಧಾನತೆಯೆಂದು ಕರೆಯುವುದು. ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯ್ ವಿವರಿಸಿದ ತನ್ಮಯ ಸ್ಥಿತಿಯೂ ಇದಕ್ಕೆ ಹತ್ತಿರದ್ದು: ಕೆಲಸದ ಕಷ್ಟ ಮತ್ತು ಮಾಡುವವರ ಕೌಶಲ ಸರಿಸಮವಾಗಿದ್ದಾಗ ಬೇಸರವೂ ಅಳುಕೂ ದೂರವಾಗಿ ಮನಸ್ಸು ಕೆಲಸದಲ್ಲಿ ಲೀನವಾಗುತ್ತದೆ ಎಂಬುದು ಅವರ ಪ್ರತಿಪಾದನೆ.

ಪ್ರಯೋಗಗಳು ಈ ವಾದವನ್ನು ಒಂದು ಮಟ್ಟಿಗೆ ಬೆಂಬಲಿಸುತ್ತವೆ. ಅಮೆರಿಕದ ನ್ಯಾನ್ಸಿ ಕರಿ ಮತ್ತು ಟಿಮ್ ಕ್ಯಾಸರ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 84 ವಿದ್ಯಾರ್ಥಿಗಳಲ್ಲಿ ಮೊದಲು ಅಲ್ಪಾವಧಿಯ ಆತಂಕವನ್ನು ಹುಟ್ಟಿಸಿ, ಬಳಿಕ ಕೆಲವರಿಗೆ ಮಂಡಲಾಕೃತಿಯನ್ನೂ ಕೆಲವರಿಗೆ ಚೌಕಳಿ ವಿನ್ಯಾಸವನ್ನೂ ಉಳಿದವರಿಗೆ ಖಾಲಿ ಹಾಳೆಯನ್ನೂ ಬಣ್ಣ ತುಂಬಲು ಕೊಡಲಾಯಿತು. ಮೊದಲ ಎರಡು ಗುಂಪುಗಳಲ್ಲಿ ಆತಂಕ ಹೆಚ್ಚುಕಡಿಮೆ ಸಮನಾಗಿ ಇಳಿಯಿತು. ಖಾಲಿ ಹಾಳೆಯ ಗುಂಪಿನಲ್ಲಿ ಹಾಗಾಗಲಿಲ್ಲ. 2012ರಲ್ಲಿ ಪ್ರಕಟವಾದ ಮರುಪ್ರಯೋಗದಲ್ಲಿ ಮಂಡಲದ ಪರಿಣಾಮ ದೃಢಪಟ್ಟರೂ ಚೌಕಳಿಯದು ಅಷ್ಟಾಗಿ ಕಾಣಲಿಲ್ಲ. ಇನ್ನೊಂದೆಡೆ, ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದಂತೆ, 39 ವಯಸ್ಕರು 45 ನಿಮಿಷ ತಮಗೆ ತೋಚಿದ ಕಲಾಕೃತಿಯಲ್ಲಿ ತೊಡಗಿದ ಮೇಲೆ ಅವರಲ್ಲಿ ಸುಮಾರು ಮುಕ್ಕಾಲು ಮಂದಿಯ ಕಾರ್ಟಿಸಾಲ್, ಅಂದರೆ ಒತ್ತಡದ ವೇಳೆ ಸ್ರವಿಸುವ ಹಾರ್ಮೋನು, ತಗ್ಗಿತ್ತು. ಸ್ವಚ್ಛಂದ ರಚನೆಯೂ ಒತ್ತಡವನ್ನು ಇಳಿಸಬಲ್ಲದೆಂದ ಮೇಲೆ, ನೆಮ್ಮದಿಗೆ ನಿಯಮವೊಂದೇ ದಾರಿಯೆನ್ನಲು ಬರುವುದಿಲ್ಲ. ಚಿತ್ರ ಬರೆಯಲು ಬಾರದೆಂದು ಹಿಂಜರಿಯುವವರಿಗೆ ಅದು ಸುಲಭದ ಪ್ರವೇಶದ್ವಾರವೆನ್ನುವುದು ಹೆಚ್ಚು ಸಮಂಜಸ.

ಇಂಥ ರಚನೆ ಯಾಂತ್ರಿಕವಾದುದು, ಇದನ್ನು ಸೃಜನಶೀಲವೆನ್ನಲಾಗದು ಎಂಬ ಆಕ್ಷೇಪವಿದೆ. ರಾಗದ ಸ್ವರನಿಯಮ ಗಾಯಕನ ಮನೋಧರ್ಮವನ್ನು ಕುಂಠಿತಗೊಳಿಸುವ ಬದಲು ಅದಕ್ಕೆ ಹರಹು ಒದಗಿಸುವುದನ್ನು ನೆನೆದರೆ ಈ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ. ಇದಕ್ಕಿಂತ ಗಂಭೀರವಾದುದು ಮತ್ತೊಂದು ಆಕ್ಷೇಪ. ಬೆಳಗಿನ ಜಾವ ಅಂಗಳ ಗುಡಿಸಿ, ಸಾರಿಸಿ, ರಂಗೋಲಿ ಹಾಕುವುದು ಅನೇಕ ಹೆಂಗಸರ ಪಾಲಿಗೆ ಮನೆಗೆಲಸಗಳ ಸಾಲಿನಲ್ಲಿ ಒಂದಾಗಿತ್ತು. ಮಲೆನಾಡಿನ ದೀವರ ಸಮುದಾಯದ ಮಹಿಳೆಯರು ಮದುವೆಯ ಹೊತ್ತಿಗೆ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ ಬರೆಯುವ ಹಸೆ ಚಿತ್ತಾರಕ್ಕೂ ವಿಧಿಯ ಹಿನ್ನೆಲೆಯಿದೆ. ಅಲ್ಲಿ ನೆಮ್ಮದಿ ದೊರೆತಿದ್ದರೆ ಅದು ಕೆಲಸದ ಜೊತೆಗೆ ಬಂದ ಫಲವೇ ಹೊರತು ಗುರಿಯಾಗಿರಲಿಲ್ಲ. ತೀರದ ಕೆಲಸಗಳ ನಡುವೆ ಕಡ್ಡಾಯವಾಗಿ ಹಾಕಬೇಕಾದ ರಂಗೋಲಿ ದಣಿವನ್ನೇ ಹೆಚ್ಚಿಸಬಹುದು. ಬಹುಮಾನಕ್ಕಾಗಿ ಸ್ಪರ್ಧೆಯಲ್ಲಿ ಹಾಕುವ ರಂಗೋಲಿಯ ಮೇಲೆ ತೀರ್ಪುಗಾರರ ಕಣ್ಣಿರುತ್ತದೆ. ಆದ್ದರಿಂದ ವಿನ್ಯಾಸದ ನಿಯಮದಷ್ಟೇ ಮುಖ್ಯವಾದವು ಇನ್ನೆರಡು ಷರತ್ತುಗಳು: ತೊಡಗುವವರ ಸ್ವಇಚ್ಛೆ ಮತ್ತು ಫಲಿತಾಂಶವನ್ನು ಯಾರೂ ಅಳೆಯದಿರುವ ಅಭಯ.

ಇಂದಿನ ಮಾರುಕಟ್ಟೆ ನೆಮ್ಮದಿಯನ್ನೇ ಸರಕಾಗಿಸಿ, ವಿಶೇಷ ಪೆನ್ನು, ಕಾಗದ, ತರಬೇತಿಗಳೊಂದಿಗೆ ಮಾರುತ್ತಿರುವುದು ಈ ಷರತ್ತುಗಳಿಗೇ ತೊಡಕು ತರಬಲ್ಲದು. ಗೆರೆಯೆಳೆಯುತ್ತಲೇ ಮನಸ್ಸು ಶಾಂತವಾಯಿತೇ ಎಂದು ಪರೀಕ್ಷಿಸಿಕೊಳ್ಳುತ್ತ ಕುಳಿತರೆ ಆ ಪರೀಕ್ಷೆಯೇ ಹೊಸ ತಳಮಳವಾಗುತ್ತದೆ. ಖಿನ್ನತೆ ಅಥವಾ ತೀವ್ರ ಆತಂಕದಿಂದ ಬಳಲುವವರಿಗೆ ಇದು ವೈದ್ಯರ ಚಿಕಿತ್ಸೆಗೆ ಬದಲಿಯೂ ಅಲ್ಲ. ಈ ಮಿತಿಗಳನ್ನು ಒಪ್ಪಿಕೊಂಡ ಮೇಲೂ ಒಂದು ಮಾತು ನಿಲ್ಲುತ್ತದೆ: ಸರಿಯಾಗಿ ಆಯ್ದ ನಿಯಮ ಸೃಜನಶೀಲತೆಯ ಶತ್ರುವಲ್ಲ, ಅಳುಕುವ ಕೈಗೆ ಅದು ಆಸರೆ. ಕಲೆಯನ್ನು ಅಂಕ, ಬಹುಮಾನಗಳಿಗೆ ಗಂಟುಹಾಕಿರುವ ಶಾಲೆಗಳು ವಾರಕ್ಕೊಂದು ಅವಧಿಯನ್ನಾದರೂ ಯಾರೂ ತಿದ್ದದ, ಯಾರೂ ಅಳೆಯದ ಇಂಥ ವಿನ್ಯಾಸ ರಚನೆಗೆ ಮೀಸಲಿಡುವುದು ಒಳಿತು. ಅದಕ್ಕೆ ಬೇಕಾಗುವುದು ಒಂದು ಹಾಳೆ ಮತ್ತು ಒಂದು ಪೆನ್ನು ಮಾತ್ರ.