ಸಾವಿನ ಲೆಕ್ಕಕ್ಕಷ್ಟೇ ಸಿಕ್ಕ ಸಕ್ಕರೆ ಕಾಯಿಲೆ

ಕೋವಿಡ್ ಕಾಲದಲ್ಲಿ ಮಧುಮೇಹದ ಹೆಸರು ಹೆಚ್ಚು ಕೇಳಿಬಂದದ್ದು ಸಾವಿನ ವಿವರಗಳಲ್ಲಿ. ಮೃತರಿಗೆ ಮೊದಲೇ ಸಕ್ಕರೆ ಕಾಯಿಲೆಯಿತ್ತು ಎಂದರೆ ಸಾಕು, ಮುಂದಿನ ಪ್ರಶ್ನೆಗಳು ನಿಂತುಹೋಗುತ್ತಿದ್ದವು. 2020ರ ಏಪ್ರಿಲ್‌ನಲ್ಲಿ ಪಶ್ಚಿಮ ಬಂಗಾಳದ ಪರಿಶೀಲನಾ ಸಮಿತಿ 57 ಸಾವುಗಳಲ್ಲಿ 18ನ್ನು ಮಾತ್ರ ಕೋವಿಡ್ ಲೆಕ್ಕಕ್ಕೆ ಹಾಕಿ, ಉಳಿದ 39ನ್ನು ರೋಗಿಗಳ ಹಳೆಯ ಕಾಯಿಲೆಗಳ ಖಾತೆಗೆ ಬರೆಯಿತು. ಆದರೆ ಮಧುಮೇಹದಂಥ ಕಾಯಿಲೆಯನ್ನು ಕೋವಿಡ್ ಸಾವಿನ ಮೂಲ ಕಾರಣವೆಂದು ನಮೂದಿಸಬಾರದು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ.

ಮಧುಮೇಹ ಇದ್ದವರಿಗೆ ಕೋವಿಡ್ ಹೆಚ್ಚು ಅಪಾಯಕಾರಿ ಎಂಬುದು ನಿಜ. ಮೊದಲ ಅಲೆಯಲ್ಲಿ ಇಂಗ್ಲೆಂಡ್‌ನ ಆಸ್ಪತ್ರೆಗಳಲ್ಲಿ ಸತ್ತ ಕೋವಿಡ್ ರೋಗಿಗಳಲ್ಲಿ ಮೂರನೇ ಒಂದು ಭಾಗ ಮಧುಮೇಹಿಗಳೇ. ಅಪಾಯ ಹೆಚ್ಚೆಂದು ಗೊತ್ತಾದ ಮೇಲೆ ಆರೈಕೆಯೂ ಹೆಚ್ಚಬೇಕಿತ್ತು, ಆದರೆ ಅದು ಕುಸಿಯಿತು. 2020ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ 155 ದೇಶಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಅರ್ಧದಷ್ಟು ದೇಶಗಳಲ್ಲಿ ಮಧುಮೇಹದ ಚಿಕಿತ್ಸೆ ಭಾಗಶಃ ಇಲ್ಲವೇ ಪೂರ್ತಿ ಅಸ್ತವ್ಯಸ್ತವಾಗಿತ್ತು. ಟೈಪ್ 1 ಮಧುಮೇಹದ ಮಗುವಿಗೆ ಇನ್ಸುಲಿನ್ ತಪ್ಪಿದರೆ ಒಂದೆರಡು ದಿನಗಳಲ್ಲೇ ಜೀವಕ್ಕೆ ಕುತ್ತು. ಬಸ್ಸು ನಿಂತ ಊರಿನಲ್ಲಿ ಆ ಮಗುವಿಗೆ ಔಷಧಿ ತಲುಪಿಸುವ ಹೊಣೆ ಯಾರದು ಎಂಬುದು ಲಾಕ್‌ಡೌನ್‌ಗೆ ಮೊದಲೇ ತೀರ್ಮಾನವಾಗಬೇಕಿದ್ದ ವಿಷಯ.

ಸ್ಟೀರಾಯ್ಡ್ ವಿಚಾರದಲ್ಲಾದ ಅನ್ಯಾಯ ಇನ್ನೂ ಘೋರ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಆಮ್ಲಜನಕದ ಮೇಲಿರುವ ರೋಗಿಗಳ ಸಾವು ಕಡಿಮೆಯಾಗುತ್ತದೆ, ಆಮ್ಲಜನಕ ಬೇಡದವರಿಗೆ ಪ್ರಯೋಜನವಿಲ್ಲ ಎಂದು ಬ್ರಿಟನ್‌ನ ರಿಕವರಿ ಪ್ರಯೋಗ 2020ರ ಜೂನ್‌ನಲ್ಲೇ ತಿಳಿಸಿತ್ತು. ಎರಡನೇ ಅಲೆಯಲ್ಲಿ ಈ ಎಚ್ಚರಿಕೆಯನ್ನು ಮರೆತು, ಸಣ್ಣ ಜ್ವರಕ್ಕೂ ಮನೆಯಲ್ಲೇ ಸ್ಟೀರಾಯ್ಡ್ ನುಂಗಿಸಿದ್ದುಂಟು. ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಏರಿದ ಸಕ್ಕರೆ ಕಪ್ಪು ಶಿಲೀಂಧ್ರಕ್ಕೆ ದಾರಿ ಮಾಡಿಕೊಡುತ್ತದೆ. 2021ರ ಜೂನ್ ಕೊನೆಗೆ ಕೇಂದ್ರ ಸರ್ಕಾರ ಕೊಟ್ಟ ಲೆಕ್ಕದಂತೆ 40,845 ಮಂದಿಗೆ ಈ ಸೋಂಕು ತಗಲಿತ್ತು. ಅವರಲ್ಲಿ ಶೇ 64ರಷ್ಟು ಮಂದಿಗೆ ಮಧುಮೇಹವಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಸ್ಟೀರಾಯ್ಡ್ ಪಡೆದಿದ್ದರು. ಆಗಲೂ ದೂರು ಬಂದದ್ದು ಸಕ್ಕರೆಯನ್ನು ಹತೋಟಿಯಲ್ಲಿಡದ ರೋಗಿಯ ಮೇಲೆ. ಗ್ಲೂಕೋಮೀಟರ್ ಇಲ್ಲದ ಮನೆಗೆ ಸ್ಟೀರಾಯ್ಡ್ ಚೀಟಿ ಬರೆದುಕೊಟ್ಟು, ಹತೋಟಿ ತಪ್ಪಿದ್ದು ರೋಗಿಯ ಅಶಿಸ್ತಿನಿಂದ ಎನ್ನುವುದು ಕ್ರೌರ್ಯ. ಶಿಲೀಂಧ್ರ ಸೋಂಕಿಗೆ ಕೊಡುವ, ಸಾವಿರಾರು ರೂಪಾಯಿಯ ಆಂಫೊಟೆರಿಸಿನ್‌ ಔಷಧಿಗಾಗಿ ಕುಟುಂಬಗಳು ಅಲೆದವು. ಕೆಲವೇ ರೂಪಾಯಿಯ ಸಕ್ಕರೆ ಪರೀಕ್ಷಾ ಪಟ್ಟಿಯನ್ನು ಮೊದಲೇ ಕೊಡಬಹುದಿತ್ತು.

ಲಸಿಕೆಯ ಸರದಿಯಲ್ಲೂ ಇದೇ ಧೋರಣೆ. 2021ರ ಮಾರ್ಚ್ 1ರಿಂದ 45ರಿಂದ 59ರ ವಯಸ್ಸಿನ ರೋಗಿಗಳಿಗೆ ಆದ್ಯತೆ ಸಿಕ್ಕಿತು. ಆದರೆ ಮಧುಮೇಹ ಹತ್ತು ವರ್ಷ ಮೀರಿರಬೇಕು ಅಥವಾ ತೊಡಕುಗಳನ್ನು ತಂದಿರಬೇಕು, ಜೊತೆಗೆ ರಕ್ತದೊತ್ತಡಕ್ಕೂ ಚಿಕಿತ್ಸೆ ನಡೆಯುತ್ತಿರಬೇಕು ಎಂಬ ಷರತ್ತಿತ್ತು. ಮೂವತ್ತರ ಟೈಪ್ 1 ರೋಗಿ ಮೇ 1ರವರೆಗೆ ಕಾಯಬೇಕಾಯಿತು. ಬ್ರಿಟನ್‌ನ ಆದ್ಯತಾ ಪಟ್ಟಿಯಲ್ಲಿ ವಯಸ್ಕ ಮಧುಮೇಹಿಗಳಿಗೆಲ್ಲ ಜಾಗವಿತ್ತು.

ಆಸ್ಪತ್ರೆಗಳೇ ತುಂಬಿ ತುಳುಕುತ್ತಿದ್ದಾಗ ಇದಕ್ಕೆಲ್ಲ ಸಿಬ್ಬಂದಿ ಎಲ್ಲಿತ್ತು ಎಂಬ ಸಮರ್ಥನೆಯಿದೆ. ಆದರೆ ಮೂರು ತಿಂಗಳ ಮಾತ್ರೆಯನ್ನು ಒಂದೇ ಸಲ ಕೊಟ್ಟರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಲಸ ತಗ್ಗುತ್ತದೆ, ಸಾಲೂ ಕರಗುತ್ತದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಮುಂದಿನ ಸಾಂಕ್ರಾಮಿಕದ ಸಿದ್ಧತೆಯಲ್ಲಿ ಇನ್ಸುಲಿನ್ ಬಳಸುವವರ ಪಟ್ಟಿ ಊರೂರಿನಲ್ಲೂ ತಯಾರಿರಬೇಕು, ಔಷಧಿ ಮನೆಗೆ ತಲುಪಿಸುವವರ ಹೆಸರು ಅದರ ಜೊತೆಗೇ ಇರಬೇಕು, ಸಕ್ಕರೆ ಪರೀಕ್ಷೆಯ ವ್ಯವಸ್ಥೆಯಿಲ್ಲದೆ ಯಾವ ಆಸ್ಪತ್ರೆಯೂ ರೋಗಿಯನ್ನು ಸ್ಟೀರಾಯ್ಡ್ ಕೊಟ್ಟು ಮನೆಗೆ ಕಳಿಸಕೂಡದು.